ಕಾಳು, ಕಾಸು, ಬೀಜ, ಕೂಲಿ: ಆಫ್ರಿಕಾದ ದಕ್ಷಿಣ ಭಾಗದಲ್ಲಿ ಬರದಿಂದ ಚೇತರಿಸುತ್ತಿರುವ ಮನೆಗಳಿಗೆ ಯಾವ ನೆರವು, ಯಾವಾಗ?

ಜಾಂಬಿಯಾ, ಮಲಾವಿ, ಜಿಂಬಾಬ್ವೆ ಕಡೆಯ ಬರದ ಬಗ್ಗೆ ಕೇಳುವವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಲುಸಾಕಾ, ಹರಾರೆ, ಬ್ಲಾಂಟೈರ್ ಕಡೆ ಕೆಲಸಕ್ಕೆ ಹೋದ ನಮ್ಮವರು ಗೆಳೆಯರ ನಡುವೆ ಒಂದಷ್ಟು ಹಣ ಕೂಡಿಸಿರುತ್ತಾರೆ. ಅರ್ಧ ಜನ ಹಿಟ್ಟಿನ ಚೀಲ ಕೊಡೋಣ ಅಂತಾರೆ. ಇನ್ನರ್ಧ ಜನ ಸೀದಾ ಮೊಬೈಲಿಗೆ ದುಡ್ಡು ಹಾಕೋಣ ಅಂತಾರೆ. ಬೀಜ ಕೊಟ್ಟರೆ ಶಾಶ್ವತ ಪರಿಹಾರ ಅಲ್ವಾ ಅಂತ ಯಾರೋ ಒಬ್ಬರು ನಡುವೆ ಬಾಯಿ ಹಾಕುತ್ತಾರೆ. ನೆರವಿನ ಸಂಸ್ಥೆಗಳಲ್ಲಿ ಕೆಲಸ ಮಾಡುವವರ ಗೊಂದಲವೂ ಇದೇ. ಮೊತ್ತದಲ್ಲಿ ಸೊನ್ನೆ ಜಾಸ್ತಿ, ಅಷ್ಟೇ.

ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತದೆ: "ಮಳೆ ಬಂತಲ್ಲ, ಬೆಳೆಯೂ ಬಂತಲ್ಲ, ಈಗ ಯಾಕೆ ನೆರವು?" ಮೊದಲು ಇದಕ್ಕೆ ಉತ್ತರ ಹೇಳಿಬಿಡುತ್ತೇನೆ.

2023–24ರ ಎಲ್ ನಿನೋ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗುವುದು, ಆ ಭಾಗಕ್ಕೆ ಹೊಡೆದದ್ದು ಕೆಟ್ಟ ಹೊತ್ತಿನಲ್ಲಿ. ಮೆಕ್ಕೆಜೋಳ ತೆನೆ ಕಟ್ಟುವ ಫೆಬ್ರವರಿಯಲ್ಲೇ ಮಳೆ ಕೈಕೊಟ್ಟಿತು. ಜಾಂಬಿಯಾ 2024ರ ಫೆಬ್ರವರಿ 29ರಂದು ರಾಷ್ಟ್ರೀಯ ವಿಪತ್ತು ಘೋಷಿಸಿತು. ಅಲ್ಲಿನ 116 ಜಿಲ್ಲೆಗಳಲ್ಲಿ 84ಕ್ಕೆ ಪೆಟ್ಟು ಬಿದ್ದಿತ್ತು. ಮಾರ್ಚ್‌ನಲ್ಲಿ ಮಲಾವಿ, ಏಪ್ರಿಲ್‌ನಲ್ಲಿ ಜಿಂಬಾಬ್ವೆ, ಆಮೇಲೆ ನಮೀಬಿಯಾ, ಲೆಸೊಥೊ ಇದೇ ದಾರಿ ಹಿಡಿದವು. ಜಾಂಬಿಯಾದ ಮೆಕ್ಕೆಜೋಳದ ಒಟ್ಟು ಫಸಲು ಸುಮಾರು 33 ಲಕ್ಷ ಟನ್‌ನಿಂದ 15 ಲಕ್ಷ ಟನ್‌ಗೆ ಕುಸಿಯಿತು. ಮರುವರ್ಷ, 2025ರಲ್ಲಿ, 36 ಲಕ್ಷ ಟನ್ ದಾಟಿತು. ದೇಶದ ಲೆಕ್ಕ ಸರಿಹೋಯಿತು. ಮನೆಯ ಲೆಕ್ಕ ಹಾಗೆ ಸರಿಹೋಗುವುದಿಲ್ಲ. ಬರದ ವರ್ಷ ಮೇಕೆ ಮಾರಿದ್ದಾರೆ, ಎತ್ತು ಮಾರಿದ್ದಾರೆ, ಬೀಜಕ್ಕೆ ಅಂತ ಎತ್ತಿಟ್ಟ ಕಾಳನ್ನೂ ತಿಂದಿದ್ದಾರೆ. ಎತ್ತು ಇಲ್ಲದವರ ಹೊಲ ತಡವಾಗಿ ಉಳುಮೆಯಾಗುತ್ತದೆ. ತಡವಾಗಿ ಬಿತ್ತಿದ್ದು ಕಡಿಮೆ ಬೆಳೆಯುತ್ತದೆ. ಬಂದ ಬೆಳೆಯಲ್ಲಿ ಒಂದು ಪಾಲು ಹಳೆಯ ಸಾಲಕ್ಕೆ ಹೋಗುತ್ತದೆ. ಹಾಗಾಗಿ ಒಳ್ಳೆಯ ಸುಗ್ಗಿಯಾದ ವರ್ಷವೂ ಈ ಮನೆಗಳಲ್ಲಿ ಡಿಸೆಂಬರ್ ಹೊತ್ತಿಗೆ ಕಣಜ ಖಾಲಿ. ನೆರವು ಬೇಕಾಗಿರುವುದು ಇಂಥವರಿಗೆ.

ಅಳೆಯುವುದು ಹೇಗೆ

ಯಾವುದು ಒಳ್ಳೆಯದು ಅಂತ ಕೇಳುವ ಮೊದಲು ಐದು ವಿಷಯ ಗೊತ್ತಿರಬೇಕು. ಮೊದಲನೆಯದು ತಿಂಗಳು. ಆ ಭಾಗದಲ್ಲಿ ಮಳೆಗಾಲ ನವೆಂಬರ್‌ನಿಂದ ಮಾರ್ಚ್ ತನಕ. ಸುಗ್ಗಿ ಏಪ್ರಿಲ್‌ನಿಂದ ಜೂನ್. ಹಸಿವಿನ ಕಾಲ ಅಂದರೆ ಅಕ್ಟೋಬರ್‌ನಿಂದ ಮಾರ್ಚ್. ಅದರಲ್ಲೂ ಜನವರಿ, ಫೆಬ್ರವರಿ ತುಂಬಾ ಕಷ್ಟದ ತಿಂಗಳು. ಹೊಲದಲ್ಲಿ ಕೆಲಸ ಜಾಸ್ತಿ, ಮನೆಯಲ್ಲಿ ಕಾಳು ಕಡಿಮೆ, ಮಾರುಕಟ್ಟೆಯಲ್ಲಿ ದರ ಏರಿರುತ್ತದೆ, ಮಣ್ಣಿನ ರಸ್ತೆ ಕೆಸರಾಗಿರುತ್ತದೆ. ಎಲ್ಲ ಒಟ್ಟಿಗೆ. ಇದೇ ನೆರವು ಜೂನ್‌ನಲ್ಲಿ ಒಂದು ಅರ್ಥ ಕೊಟ್ಟರೆ ಜನವರಿಯಲ್ಲಿ ಇನ್ನೊಂದು ಅರ್ಥ ಕೊಡುತ್ತದೆ.

ಎರಡನೆಯದು ಮಾರುಕಟ್ಟೆ. ನಡೆದು ಹೋಗಿ ಬರುವಷ್ಟು ದೂರದಲ್ಲಿ ಮೆಕ್ಕೆಜೋಳ ಸಿಗುತ್ತದೆಯೇ? ಸಿಕ್ಕರೆ ಎಷ್ಟಕ್ಕೆ? ಮೂರನೆಯದು, ಕೊಟ್ಟ ನೂರು ರೂಪಾಯಿಯಲ್ಲಿ ಎಷ್ಟು ಮನೆ ಮುಟ್ಟುತ್ತದೆ. ಲಾರಿ ಬಾಡಿಗೆ, ಗೋದಾಮು, ಹಮಾಲಿ, ಕಾವಲು, ಏಜೆಂಟರ ಕಮಿಷನ್ ಎಲ್ಲ ಕಳೆದು. ನಾಲ್ಕನೆಯದು, ಮನೆಯಲ್ಲಿ ಯಾರಿದ್ದಾರೆ. ದುಡಿಯುವ ಕೈ ಇದೆಯೇ? ಹಸುಗೂಸು ಇದೆಯೇ? ಎಚ್‌ಐವಿ ಮಾತ್ರೆ ನುಂಗುವವರು ಇದ್ದಾರೆಯೇ? ಬರಿ ಹೊಟ್ಟೆಯಲ್ಲಿ ಆ ಮಾತ್ರೆ ತಡೆದುಕೊಳ್ಳುವುದು ಕಷ್ಟ. ಕೊನೆಯದು, ನೆರವು ನಿಂತ ಮೇಲೆ ಮನೆಯಲ್ಲಿ ಏನು ಉಳಿಯುತ್ತದೆ.

ಐದರಲ್ಲಿ ಎಲ್ಲದಕ್ಕೂ ಪೂರ್ತಿ ಅಂಕ ತೆಗೆದುಕೊಳ್ಳುವ ನೆರವು ಯಾವುದೂ ಇಲ್ಲ. ನನ್ನನ್ನು ಕೇಳಿದರೆ ಮೊದಲ ಎರಡಕ್ಕೇ ಅರ್ಧಕ್ಕಿಂತ ಹೆಚ್ಚು ತೂಕ ಕೊಡುತ್ತೇನೆ. ತಿಂಗಳು ಮತ್ತು ಮಾರುಕಟ್ಟೆ ಗೊತ್ತಾದರೆ ಉಳಿದ ವಾದ ಬಹಳಷ್ಟು ತಾನಾಗಿಯೇ ಮುಗಿಯುತ್ತದೆ.

ಕಾಳಿನ ಚೀಲ

ಕಾಳು ಅಂದರೆ ಇಲ್ಲಿ ಬಿಳಿ ಮೆಕ್ಕೆಜೋಳ. ಅದರ ಹಿಟ್ಟನ್ನು ಕುದಿಯುವ ನೀರಿನಲ್ಲಿ ತೊಳಸಿ ನಮ್ಮ ಮುದ್ದೆಯ ಹಾಗೆ ಗಟ್ಟಿಯಾಗಿ ಮಾಡುತ್ತಾರೆ. ಮಲಾವಿಯಲ್ಲಿ ಅದು ನ್ಸಿಮಾ, ಜಾಂಬಿಯಾದಲ್ಲಿ ನ್ಶಿಮಾ, ಜಿಂಬಾಬ್ವೆಯಲ್ಲಿ ಸಡ್ಜಾ. ದಿನದ ಊಟ ಅಂದರೆ ಅದೇ.

ಕಾಳಿನ ದೊಡ್ಡ ಗುಣ ಒಂದೇ: ದರ ಏರಿದರೂ ಚೀಲ ಕುಗ್ಗುವುದಿಲ್ಲ. ಜನವರಿಯಲ್ಲಿ 50 ಕೆಜಿ ಅಂದರೆ 50 ಕೆಜಿ. ಅಂಗಡಿಯಲ್ಲಿ ಸ್ಟಾಕೇ ಇಲ್ಲದ ಕಡೆ, ವ್ಯಾಪಾರಿ ಬಾರದ ಕಡೆ, ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಮಲಾವಿಯಲ್ಲಿ ಹಸಿವಿನ ಕಾಲದಲ್ಲಿ ಮನೆಗೆ ತಿಂಗಳಿಗೆ 50 ಕೆಜಿಯ ಒಂದು ಚೀಲ ಕೊಡುವ ರೂಢಿಯಿದೆ. ಅದು ಎಷ್ಟು ಸಾಕಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ತಲೆಗೆ ದಿನಕ್ಕೆ 2100 ಕ್ಯಾಲೊರಿ ಅನ್ನುವುದು ನೆರವಿನವರ ಅಳತೆ. ಐದು ಜನರ ಮನೆಗೆ ತಿಂಗಳಿಗೆ 3,15,000 ಆಯಿತು. ಒಂದು ಕೆಜಿ ಮೆಕ್ಕೆಜೋಳದಲ್ಲಿ ಸುಮಾರು 3500 ಇದೆ ಅಂದುಕೊಂಡರೆ, ಚೀಲದಲ್ಲಿ 1,75,000. ಅರ್ಧಕ್ಕಿಂತ ಸ್ವಲ್ಪ ಮೇಲೆ. ಬೇಳೆ, ಎಣ್ಣೆ ಸೇರದಿದ್ದರೆ ಹೊಟ್ಟೆ ಅರೆಬರೆ ತುಂಬುತ್ತದೆ, ಮೈಗೆ ಹಿಡಿಯುವುದಿಲ್ಲ.

ಇನ್ನು ತೊಂದರೆಗಳು. ಮಲಾವಿ, ಜಾಂಬಿಯಾ, ಜಿಂಬಾಬ್ವೆ ಮೂರಕ್ಕೂ ಸಮುದ್ರ ಇಲ್ಲ. ಹಡಗಿನಲ್ಲಿ ಬಂದ ಕಾಳು ಮೊಜಾಂಬಿಕ್‌ನ ಬೈರಾ, ನಕಾಲಾ ಬಂದರಿನಿಂದಲೋ ದಕ್ಷಿಣ ಆಫ್ರಿಕಾದ ಡರ್ಬನ್‌ನಿಂದಲೋ ಲಾರಿ, ರೈಲು ಹಿಡಿದು ಒಳಗೆ ಬರಬೇಕು. ಸಾಮಾನ್ಯ ವರ್ಷದಲ್ಲಿ ಬಿಳಿ ಮೆಕ್ಕೆಜೋಳಕ್ಕೆ ಎಲ್ಲರೂ ನೋಡುವುದು ದಕ್ಷಿಣ ಆಫ್ರಿಕಾದ ಕಡೆಗೆ. 2024ರಲ್ಲಿ ಅಲ್ಲಿಯೂ ಬೆಳೆ ಐದನೇ ಒಂದು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಜಗತ್ತಿನ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವುದು ಹಳದಿ ಮೆಕ್ಕೆಜೋಳ. ಅದು ದನದ ಮೇವು, ಬರಗಾಲದ ಊಟ ಅನ್ನುವ ಭಾವನೆ ಅಲ್ಲಿ ಗಟ್ಟಿಯಾಗಿದೆ. ತಿನ್ನುತ್ತಾರೆ, ಮನಸ್ಸಿಲ್ಲದೆ. ಕುಲಾಂತರಿ, ಅಂದರೆ ವಂಶವಾಹಿ ಬದಲಿಸಿದ ತಳಿಯ, ತಕರಾರೂ ಇದೆ. 2002ರ ಬರದಲ್ಲಿ ಜಾಂಬಿಯಾ ಸರ್ಕಾರ ಕುಲಾಂತರಿ ಮೆಕ್ಕೆಜೋಳದ ನೆರವನ್ನು ಬೇಡವೇ ಬೇಡ ಅಂದಿತು. ಅಕ್ಕಪಕ್ಕದ ಕೆಲವು ದೇಶಗಳು ಹಿಟ್ಟು ಮಾಡಿ ಕೊಡಿ, ಕಾಳಾಗಿ ಬೇಡ ಅಂದವು. ಕಾಳು ಕೊಟ್ಟರೆ ಯಾರಾದರೂ ಬಿತ್ತಿಬಿಟ್ಟಾರು ಅನ್ನುವ ಭಯ.

ಕಾಳೋ ಹಿಟ್ಟೋ ಅನ್ನುವುದು ಸಣ್ಣ ವಿಷಯ ಅಂದುಕೊಳ್ಳಬೇಡಿ. 2024ರಲ್ಲಿ ಕರಿಬಾ ಜಲಾಶಯ ಒಣಗಿ ಜಾಂಬಿಯಾದ ಎಷ್ಟೋ ಕಡೆ ದಿನಕ್ಕೆ ಕೆಲವೇ ಗಂಟೆ ಕರೆಂಟ್ ಇತ್ತು. ಕರೆಂಟಿನ ಗಿರಣಿ ನಿಂತರೆ ಕಾಳಿನ ಚೀಲ ಮನೆಯಲ್ಲಿದ್ದೂ ಒಲೆ ಹೊತ್ತುವುದಿಲ್ಲ. ಡೀಸೆಲ್ ಗಿರಣಿಗೆ ಹೋದರೆ ಬೀಸುವ ಕೂಲಿ ಜಾಸ್ತಿ. ಆ ಕೂಲಿಗೆ ಕಾಳನ್ನೇ ಅಳೆದು ಕೊಡುತ್ತಾರೆ. ಹಿಟ್ಟಾದರೆ ಈ ತೊಂದರೆ ಇಲ್ಲ. ಆದರೆ ಬೆಲೆ ಜಾಸ್ತಿ, ಬೇಗ ಹುಳು ಬೀಳುತ್ತದೆ.

ಕಾಳಿನ ದೊಡ್ಡ ಕೆಡುಕು ಇರುವುದು ತಡವಾಗುವುದರಲ್ಲಿ. ಫೆಬ್ರವರಿಗೆ ಬರಬೇಕಾದ ಲಾರಿ ಮೇ ತಿಂಗಳಿಗೆ ಬಂದರೆ, ಹೊಸ ಬೆಳೆ ಮಾರಲು ಕೂತ ಪಕ್ಕದ ಮನೆಯ ರೈತನ ದರ ಬೀಳುತ್ತದೆ. 2025ರಂಥ ತುಂಬಿದ ಸುಗ್ಗಿಯಲ್ಲಿ ಹೊರದೇಶದ ಕಾಳು ತಂದು ಹಂಚುವುದು ಅಂದರೆ ಚೇತರಿಸಿಕೊಳ್ಳುತ್ತಿರುವವರ ಬೆನ್ನಿಗೇ ಗುದ್ದಿದ ಹಾಗೆ. ಕಾಳೇ ಕೊಡಬೇಕು ಅಂತಿದ್ದರೆ ಜೂನ್, ಜುಲೈನಲ್ಲಿ ಅಲ್ಲೇ ಸಣ್ಣ ರೈತರಿಂದ ಕೊಂಡು, ಒಣಗಿಸಿ, ಹಳ್ಳಿಯ ಹತ್ತಿರವೇ ಇಟ್ಟು ಜನವರಿಯಲ್ಲಿ ಹಂಚಬೇಕು. ಸರಿಯಾಗಿ ಒಣಗಿಸದಿದ್ದರೆ ಬೂಷ್ಟು ಹಿಡಿದು ವಿಷವಾಗುತ್ತದೆ. ಇದರ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಭಾರತವೂ 2024ರ ಸೆಪ್ಟೆಂಬರ್‌ನಲ್ಲಿ ಜಿಂಬಾಬ್ವೆಗೆ 1000 ಟನ್ ಅಕ್ಕಿ, ಮಲಾವಿಗೆ 1000 ಟನ್ ಅಕ್ಕಿ, ಜಾಂಬಿಯಾಕ್ಕೆ 1300 ಟನ್ ಮೆಕ್ಕೆಜೋಳ ಕಳಿಸಿತು. ಸರ್ಕಾರದಿಂದ ಸರ್ಕಾರಕ್ಕೆ ಅದು ಸರಿ. ಇಲ್ಲಿಂದ ಚೀಲ ಕಳಿಸುವ ಯೋಚನೆ ನೀವು ಮಾಡಬೇಡಿ. ಕಾಳಿಗಿಂತ ಸಾಗಣೆಯೇ ದುಬಾರಿಯಾಗುತ್ತದೆ.

ಕೈಗೆ ಕಾಸು

ಹಣ ಕೊಡುವುದಕ್ಕೆ ಆ ಭಾಗ ಹೊಸದಲ್ಲ. ಜಾಂಬಿಯಾದ ಕಲೋಮೊ ಜಿಲ್ಲೆಯಲ್ಲಿ 2003ರಲ್ಲೇ ತೀರಾ ಬಡ ಮನೆಗಳಿಗೆ ತಿಂಗಳ ಹಣ ಶುರುವಾಯಿತು. ಮಲಾವಿಯ ಮ್ಚಿಂಜಿಯಲ್ಲಿ 2006ರಲ್ಲಿ. ಈಗ ಎರಡೂ ದೇಶಗಳಲ್ಲಿ ಅದು ಸರ್ಕಾರಿ ಯೋಜನೆ. 2024ರ ಬರದಲ್ಲಿ ಜಾಂಬಿಯಾ ವಿಶ್ವ ಬ್ಯಾಂಕಿನ ನೆರವಿನಿಂದ ಈ ಯೋಜನೆಯ ಫಲಾನುಭವಿಗಳ ಪಟ್ಟಿಯನ್ನೇ ಹಿಗ್ಗಿಸಿ ತುರ್ತು ಹಣ ಹಾಕಿತು. ಹೊಸ ಪಟ್ಟಿ ಮಾಡುವ ಕೆಲಸವೇ ಅರ್ಧ ಉಳಿಯಿತು.

"ದುಡ್ಡು ಕೊಟ್ಟರೆ ಕುಡಿದುಬಿಡ್ತಾರೆ" ಅನ್ನುವ ಮಾತು ಎಲ್ಲ ಊರಿನಲ್ಲೂ ಇದೆ. ಜಾಂಬಿಯಾದಲ್ಲಿ ಚಿಕ್ಕ ಮಕ್ಕಳಿರುವ ಮನೆಗಳಿಗೆ ಹಣ ಕೊಟ್ಟು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಹೆಂಡ, ಹೊಗೆಸೊಪ್ಪಿನ ಖರ್ಚು ಏರಲಿಲ್ಲ. ಏರಿದ್ದು ಊಟ, ಕೋಳಿ, ಮೇಕೆ, ಗುದ್ದಲಿ, ಬೀಜ. ಚೇತರಿಕೆ ಅಂದರೆ ಇದೇ ಅಲ್ವಾ? ಕಾಳಿನ ಚೀಲದಿಂದ ಸಾಲ ತೀರುವುದಿಲ್ಲ, ಮಗಳ ಶಾಲೆಯ ಸಮವಸ್ತ್ರ ಬರುವುದಿಲ್ಲ, ಬಾಡಿಗೆ ಎತ್ತು ಬರುವುದಿಲ್ಲ. ಹಣದಿಂದ ಬರುತ್ತದೆ. ಲಾರಿ, ಗೋದಾಮು ಬೇಡವಾದ್ದರಿಂದ ನೂರರಲ್ಲಿ ಹೆಚ್ಚು ಪಾಲು ಮನೆ ಸೇರುತ್ತದೆ.

ಆದರೆ ಹಣಕ್ಕೆ ಒಂದು ದೊಡ್ಡ ಶತ್ರು ಇದೆ: ಏರುವ ದರ. ಇದನ್ನು ನಮ್ಮಲ್ಲೇ ನೋಡಿದ್ದೇವೆ. ಅದೇ ಎಲ್ ನಿನೋ 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಮಾಡಿತ್ತು. ಅದೇ ವರ್ಷ ಅನ್ನಭಾಗ್ಯಕ್ಕೆ ಅಕ್ಕಿ ಸಿಗದೆ ತಲೆಗೆ 5 ಕೆಜಿಯ ಬದಲು ಕೆಜಿಗೆ 34 ರೂಪಾಯಿಯಂತೆ 170 ರೂಪಾಯಿ ಖಾತೆಗೆ ಬಂತು. ಅಂಗಡಿಯಲ್ಲಿ 34 ರೂಪಾಯಿಗೆ ತಿನ್ನುವಂಥ ಅಕ್ಕಿ ಎಲ್ಲಿತ್ತು? ಹಣ ಬಂದರೂ ಅಷ್ಟೇ ಅಕ್ಕಿ ಬರಲಿಲ್ಲ ಅಂತ ಜನ ಗೊಣಗಿದ್ದು ಸುಮ್ನೆ ಅಲ್ಲ. 2025ರಲ್ಲಿ ಮತ್ತೆ ಅಕ್ಕಿಯೇ ಶುರುವಾಯಿತು.

ಇದಕ್ಕೆ ಮದ್ದು ಇದೆ. ಮಲಾವಿಯ ಡೋವಾ ಜಿಲ್ಲೆಯಲ್ಲಿ 2006–07ರ ಹಸಿವಿನ ಕಾಲದಲ್ಲಿ ಕನ್ಸರ್ನ್ ಅನ್ನುವ ಸಂಸ್ಥೆ ಪ್ರತಿ ತಿಂಗಳೂ ಸ್ಥಳೀಯ ಮೆಕ್ಕೆಜೋಳದ ದರ ನೋಡಿ ಹಣದ ಮೊತ್ತ ಬದಲಿಸುತ್ತಿತ್ತು. ಮನೆಯಲ್ಲಿ ಎಷ್ಟು ಜನ ಅನ್ನುವುದರ ಮೇಲೂ ಮೊತ್ತ ಬೇರೆ. ಕೆಲಸ ಮಾಡುತ್ತದೆ. ಆದರೆ ಸಂಸ್ಥೆಯ ಬಜೆಟ್‌ನಲ್ಲಿ ಹಿಗ್ಗಲು ಜಾಗ ಬೇಕು. ಬಿಗಿಯಾದ ಮೊತ್ತ ಇಟ್ಟುಕೊಂಡು ದರದ ಜೊತೆ ಮೊತ್ತ ಏರಿಸುತ್ತೇವೆ ಅಂದರೆ ಮಾರ್ಚ್ ಬರುವ ಮೊದಲೇ ಹಣ ಮುಗಿಯುತ್ತದೆ. ಆಗ ಯಾವ ಮನೆ ಬಿಡುತ್ತೀರಿ?

ಜಿಂಬಾಬ್ವೆಯ ಕಥೆ ಬೇರೆ. 2024ರ ಏಪ್ರಿಲ್‌ನಲ್ಲಿ ಜಿಗ್ ಅನ್ನುವ ಹೊಸ ಕರೆನ್ಸಿ ಬಂತು. ಸೆಪ್ಟೆಂಬರ್ ಕೊನೆಗೆ ಅದರ ಬೆಲೆಯನ್ನು ಶೇ. 43ರಷ್ಟು ಇಳಿಸಿದರು. ಅಲ್ಲಿ ಹಣ ಕೊಡುವುದಾದರೆ ಅಮೆರಿಕನ್ ಡಾಲರ್‌ನಲ್ಲಿ ಕೊಡಿ. ಅದೂ ಸಣ್ಣ ನೋಟು. ಹಳ್ಳಿಯ ಅಂಗಡಿಯವನ ಹತ್ತಿರ ಚಿಲ್ಲರೆ ಇರುವುದಿಲ್ಲ.

ಮೊಬೈಲ್ ಹಣದ ಜಾಲ ಎಲ್ಲ ಕಡೆ ಇದೆ. ಮಲಾವಿಯಲ್ಲಿ ಏರ್‌ಟೆಲ್ ಮನಿ ಮತ್ತು ಎಂಪಾಂಬಾ, ಜಾಂಬಿಯಾದಲ್ಲಿ ಎಂಟಿಎನ್ ಮತ್ತು ಏರ್‌ಟೆಲ್, ಜಿಂಬಾಬ್ವೆಯಲ್ಲಿ ಇಕೋಕ್ಯಾಶ್. ಆದರೆ ಒಂದೇ ದಿನ ಐನೂರು ಮನೆಗೆ ಹಣ ಬಿದ್ದರೆ ಹಳ್ಳಿಯ ಏಜೆಂಟನ ಡಬ್ಬಿಯಲ್ಲಿ ಅಷ್ಟು ನೋಟು ಇರುವುದಿಲ್ಲ. ದಿನ ಹಂಚಿ ಹಾಕಬೇಕು. ಹಣ ತೆಗೆಯುವ ಶುಲ್ಕವನ್ನು ಮೊತ್ತಕ್ಕೆ ಸೇರಿಸಿ ಹಾಕಬೇಕು. ಸಿಮ್ ಯಾರ ಹೆಸರಿನಲ್ಲಿದೆ ಅಂತ ನೋಡಬೇಕು. ಬೇರೆ ಊರಿಗೆ ಹೋದ ಮಗನ ಹೆಸರಿನ ಸಿಮ್‌ಗೆ ಅಜ್ಜಿಯ ಹಣ ಬಿದ್ದರೆ ಅದು ಅಜ್ಜಿಗೆ ಸಿಗುವುದು ಮಗನ ಮರ್ಜಿ.

ಕೂಪನ್

ಕಾಳಿಗೂ ಕಾಸಿಗೂ ನಡುವಿನದು. ಗುರುತಿಸಿದ ಅಂಗಡಿಯಲ್ಲಿ ಇಂತಿಷ್ಟು ಹಿಟ್ಟು, ಎಣ್ಣೆ, ಬೇಳೆ. ಪಟ್ಟಣದ ಅಂಚಿನ ಬಡಾವಣೆಗಳಲ್ಲಿ, ದರ ದಿನಕ್ಕೊಂದು ಥರ ಇರುವಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಹಳ್ಳಿಯಲ್ಲಿ ಗುರುತಿಸಲು ಎರಡೇ ಅಂಗಡಿ ಇದ್ದರೆ ಆ ಇಬ್ಬರೂ ಸೇರಿ ದರ ಏರಿಸುತ್ತಾರೆ. ದೊಡ್ಡ ಸಂಸ್ಥೆಗೆ ಸರಿ. ಸಣ್ಣ ಗುಂಪಿಗೆ ಅಂಗಡಿಯವರ ಲೆಕ್ಕ ನೋಡುವುದೇ ತಲೆನೋವು.

ಎರಡನ್ನೂ ಬೆರೆಸಿದರೆ

ಎರಡೂ ಕೊಡಬಾರದೇಕೆ ಅಂತ ಅನ್ನಿಸುತ್ತದೆ. ಕೊಟ್ಟವರಿದ್ದಾರೆ. ಕನ್ಸರ್ನ್ 2005–06ರಲ್ಲಿ ಮಲಾವಿಯಲ್ಲಿ ಅರ್ಧ ಕಾಳು, ಅರ್ಧ ಹಣ ಕೊಟ್ಟಿತು. ಈಗ ಎಸ್ವತಿನಿ ಆಗಿರುವ ಸ್ವಾಜಿಲ್ಯಾಂಡ್‌ನಲ್ಲಿ 2007–08ರ ಬರದಲ್ಲಿ ಸೇವ್ ದ ಚಿಲ್ಡ್ರನ್ ಅನ್ನುವ ಸಂಸ್ಥೆ ಇದೇ ಥರ ಮಾಡಿತು. ಕಾಳು ಹೊಟ್ಟೆ ಕಾಯುತ್ತದೆ, ಹಣ ಉಪ್ಪು, ಸೋಪು, ಬೀಸುವ ಕೂಲಿ, ಸಾಲದ ಕಂತು ನೋಡಿಕೊಳ್ಳುತ್ತದೆ. ಮನೆಯ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದು ಕಾಣೆ. ನಡೆಸುವವರಿಗೆ ಮಾತ್ರ ಎರಡು ವ್ಯವಸ್ಥೆಯ ಖರ್ಚು. ಹಾಗಾಗಿ ಒಂದೇ ತಿಂಗಳಲ್ಲಿ ಎರಡೂ ಕೊಡುವ ಬದಲು ಕಾಲದ ಪ್ರಕಾರ ಬದಲಿಸುವುದು ನನಗೆ ಹೆಚ್ಚು ಹಿಡಿಸುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಮಾರುಕಟ್ಟೆಯಲ್ಲಿ ಇನ್ನೂ ಕಾಳಿರುವಾಗ ಹಣ. ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ ಕಾಳು. ಸುಗ್ಗಿ ಮುಗಿದ ಮೇಲೆ ಮತ್ತೆ ಹಣ. ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಒಂದು ಸರಳ ಗುರುತು: ಸಂತೆಯ ದರ ಹೊರಗಿನಿಂದ ಕಾಳು ತಂದು ಆ ಊರಿಗೆ ಮುಟ್ಟಿಸುವ ಖರ್ಚನ್ನು ದಾಟಿತೇ? ದಾಟಿದರೆ ಚೀಲ, ಇಲ್ಲದಿದ್ದರೆ ಹಣ.

ಶಾಲೆಯ ಊಟ, ಮತ್ತು ಶಾಲೆಗೆ ಹೋಗದ ಕೂಸು

ಮಲಾವಿಯ ಶಾಲೆಗಳಲ್ಲಿ ಬೆಳಿಗ್ಗೆ ಲಿಕುನಿ ಫಾಲಾ ಅನ್ನುವ ಗಂಜಿ ಕೊಡುತ್ತಾರೆ. ಮೆಕ್ಕೆಜೋಳ, ಸೋಯಾ ಬೆರೆಸಿದ ಹಿಟ್ಟು. ಮೇರೀಸ್ ಮೀಲ್ಸ್ ಅನ್ನುವ ಸಂಸ್ಥೆ 2002ರಲ್ಲಿ ಕೆಲಸ ಶುರು ಮಾಡಿದ್ದೇ ಮಲಾವಿಯಲ್ಲಿ. ಊರಿನ ತಾಯಂದಿರೇ ಸರದಿಯಂತೆ ಬಂದು ಬೇಯಿಸುತ್ತಾರೆ. ಮಗುವಿಗೆ ತಗಲುವ ಖರ್ಚು ಕಡಿಮೆ, ಸೋರಿಕೆ ಕಡಿಮೆ. ಮಗು ಶಾಲೆಯಲ್ಲೇ ಉಳಿಯುತ್ತದೆ. ಬರದಲ್ಲಿ ಹೆಣ್ಣುಮಕ್ಕಳನ್ನು ಬೇಗ ಮದುವೆ ಮಾಡಿ ಕಳಿಸುವ ಕಡೆ ಇದು ಸಣ್ಣ ವಿಷಯವಲ್ಲ. ಸಣ್ಣ ಮೊತ್ತದಲ್ಲಿ ಕಣ್ಣು ಮುಚ್ಚಿ ಕೊಡಬಹುದಾದ ಒಂದು ಬಾಬ್ತು ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ರಜೆಯಲ್ಲಿ ಊಟ ಇಲ್ಲ. ಎರಡು ವರ್ಷದೊಳಗಿನ ಕೂಸಿಗೆ, ಬಸುರಿಗೆ, ಅಜ್ಜಿಗೆ ಇದು ಮುಟ್ಟುವುದೇ ಇಲ್ಲ. ಬರದ ಪೆಟ್ಟು ಜಾಸ್ತಿ ಕೂರುವುದು ಕೂಸಿನ ಮೇಲೆ. ಕೂಸು ಈಗಾಗಲೇ ಸೊರಗಿದ್ದರೆ ಮೆಕ್ಕೆಜೋಳವೂ ಸಾಲದು, ಹಣವೂ ಸಾಲದು. ಆರೋಗ್ಯ ಕೇಂದ್ರದಲ್ಲಿ ತೋಳಿನ ಪಟ್ಟಿ ಹಾಕಿ ಅಳೆದು ಕೊಡುವ ಶೇಂಗಾ ಪೇಸ್ಟ್ ಬೇಕು. ಮಲಾವಿಯಲ್ಲಿ ಅದನ್ನು ಚಿಪೊಂಡೆ ಅಂತಾರೆ. ಅದು ಔಷಧಿ ಇದ್ದ ಹಾಗೆ. ಬೇರೆ ಯಾವ ನೆರವಿನ ಜೊತೆಗೂ ಇದನ್ನು ಹೋಲಿಸಲು ಹೋಗಬೇಡಿ.

ದುಡಿಮೆಗೆ ಕಾಳು ಅಥವಾ ಕೂಲಿ

ನಮ್ಮ ನರೇಗಾ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಕೆರೆ, ಒಡ್ಡು, ದನಗಳ ಮೈಯ ಉಣ್ಣಿ ಹುಳು ತೆಗೆಯುವ ಮದ್ದಿನ ತೊಟ್ಟಿ, ಸಮುದಾಯದ ತರಕಾರಿ ತೋಟ. ಜಿಂಬಾಬ್ವೆಯ ಒಣ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಇಂಥ ಕೆಲಸ ಬಹಳ ಮಾಡಿಸಿದೆ. ನೆರವು ನಿಂತ ಮೇಲೆ ಏನು ಉಳಿಯಿತು ಅನ್ನುವ ಐದನೇ ಪ್ರಶ್ನೆಗೆ ಕಣ್ಣಿಗೆ ಕಾಣುವ ಉತ್ತರ ಇದರಲ್ಲಿದೆ.

ತಪ್ಪು ಆಗುವುದು ತಿಂಗಳಿನಲ್ಲಿ. ಹಸಿದ ಮನೆಯವರು ಮಳೆಗಾಲದಲ್ಲಿ ಸ್ವಂತ ಹೊಲ ಬಿಟ್ಟು ಬೇರೆಯವರ ಹೊಲಕ್ಕೆ ಕೂಲಿಗೆ ಹೋಗುತ್ತಾರೆ. ಮಲಾವಿಯಲ್ಲಿ ಅದು ಗನ್ಯು, ಜಿಂಬಾಬ್ವೆಯಲ್ಲಿ ಮರಿಚೊ. ಅವತ್ತಿನ ಊಟ ಸಿಗುತ್ತದೆ, ಸ್ವಂತ ಹೊಲದಲ್ಲಿ ಕಳೆ ಬೆಳೆಯುತ್ತದೆ, ಮುಂದಿನ ವರ್ಷವೂ ಅದೇ ಹಸಿವು. ಡಿಸೆಂಬರ್‌ನಲ್ಲಿ ಕೆರೆ ಕೆಲಸ ತೆಗೆದರೆ ನೀವೂ ಅದನ್ನೇ ಮಾಡಿಸಿದ ಹಾಗಾಯಿತು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಕೆಲಸ ಮುಗಿಸಿ, ಕೂಲಿಯನ್ನು ಬಿತ್ತನೆಗೆ ಮುಂಚೆ ಕೊಟ್ಟರೆ ಸರಿ. ಇನ್ನೊಂದು ಮಾತು. ಆ ಭಾಗದಲ್ಲಿ ಏಡ್ಸ್ ನಡುವಯಸ್ಸಿನವರನ್ನು ಕೊಂಡೊಯ್ದ ಮನೆಗಳಿವೆ. ಮೊಮ್ಮಕ್ಕಳನ್ನು ಸಾಕುತ್ತಿರುವ ಗೋಗೊ, ಅಂದರೆ ಅಜ್ಜಿಯ, ಕೈಗೆ ಗುದ್ದಲಿ ಕೊಡುವುದು ನೆರವಲ್ಲ. ಅಂಥ ಮನೆಗೆ ಕೆಲಸದ ಷರತ್ತಿಲ್ಲದೆ ಕೊಡಬೇಕು.

ಬೀಜ

ಬೀಜದ ಮೇಲೆ ದಾನಿಗಳಿಗೆ ವಿಪರೀತ ಪ್ರೀತಿ. ಒಂದು ಕಾಳು ನೂರಾಗುತ್ತದೆ ಅನ್ನುವ ಮಾತು ಕೇಳಲು ಚೆಂದ. ಆದರೆ ಹೊಟ್ಟೆಗಿಲ್ಲದ ಮನೆಗೆ ಬರಿ ಬೀಜ ಕೊಟ್ಟರೆ ಅದನ್ನು ತಿನ್ನುತ್ತಾರೆ ಅಥವಾ ಮಾರುತ್ತಾರೆ. ಯಾರಾದರೂ ಹಾಗೆಯೇ ಮಾಡುತ್ತಾರೆ. ಬೀಜದ ಜೊತೆ ಬಿತ್ತನೆಯ ತಿಂಗಳಿಗೆ ಆಗುವಷ್ಟು ಊಟ ಸೇರಲೇಬೇಕು. ಅಕ್ಟೋಬರ್ ಒಳಗೆ ಕೈ ಸೇರಬೇಕು. ಜನವರಿಯಲ್ಲಿ ಬಂದ ಬೀಜ ಯಾರಿಗೂ ಬೇಡ.

ಯಾವ ಬೀಜ? ಒಣ ಪ್ರದೇಶಕ್ಕೂ ಹೈಬ್ರಿಡ್ ಮೆಕ್ಕೆಜೋಳವನ್ನೇ ಹಂಚುವ ಚಾಳಿ ಇದೆ. ಜಿಂಬಾಬ್ವೆಯ ದಕ್ಷಿಣದಲ್ಲಿ ಮಪ್ಫುಂಡೆ ಅಂದರೆ ಜೋಳ, ಮ್ಹುಂಗಾ ಅಂದರೆ ಸಜ್ಜೆ, ರಪೋಕೊ ಅಂದರೆ ನಮ್ಮ ರಾಗಿ. ಬರ ತಡೆಯುವುದು ಇವೇ. ಕರ್ನಾಟಕದ ಓದುಗರಿಗೆ ಇದನ್ನು ಒಪ್ಪಿಸುವುದು ಸುಲಭ. ಅಲ್ಲಿನ ರೈತರಿಗೆ ಹಕ್ಕಿ ಕಾಯುವ, ಕುಟ್ಟುವ, ಕೇರುವ ಕೆಲಸ ನೆನಪಾಗುತ್ತದೆ. ಆ ಕೆಲಸ ಹೆಂಗಸರ ತಲೆಯ ಮೇಲೆ. ಹಾಗಾಗಿ ನಾವು ಕೂತಲ್ಲಿಂದ ಸಿರಿಧಾನ್ಯದ ಉಪದೇಶ ಮಾಡುವ ಬದಲು ಆಯ್ಕೆಯನ್ನು ಅವರಿಗೇ ಬಿಡುವುದು ಒಳ್ಳೆಯದು. ಬೀಜದ ಸಂತೆ ಅನ್ನುವ ಪದ್ಧತಿ ಮೊಜಾಂಬಿಕ್, ಜಿಂಬಾಬ್ವೆಗಳಲ್ಲಿ ನಡೆದಿದೆ. ಮನೆಗೆ ಕೂಪನ್ ಕೊಡುತ್ತಾರೆ. ಊರಿನ ರೈತರೂ ಕಂಪನಿಯವರೂ ಬೀಜ ತಂದು ಕೂರುತ್ತಾರೆ. ಅಲಸಂದೆ ಬೇಕಾದವರು ಅಲಸಂದೆ, ಶೇಂಗಾ ಬೇಕಾದವರು ಶೇಂಗಾ. ದುಡ್ಡೂ ಊರಲ್ಲೇ ಉಳಿಯುತ್ತದೆ.

ಮೇಕೆ, ಕೋಳಿ ಕೊಡುವ ಯೋಜನೆಗಳೂ ಇವೆ. ಮೇವು, ನೀರು ವಾಪಸ್ ಬಂದ ಮೇಲೆ ಮಾತ್ರ. ಬರದ ನಡುವೆ ಬೇಡ.

ಬೆಳೆ ವಿಮೆ: ಒಂದೇ ಮಾತು

ಆಫ್ರಿಕನ್ ರಿಸ್ಕ್ ಕೆಪಾಸಿಟಿ ಅನ್ನುವ ಸಂಸ್ಥೆ ಸರ್ಕಾರಗಳಿಗೆ ಬರದ ವಿಮೆ ಮಾರುತ್ತದೆ. 2024ರಲ್ಲಿ ಜಿಂಬಾಬ್ವೆಗೆ ಸರ್ಕಾರ ಮತ್ತು ನೆರವಿನ ಸಂಸ್ಥೆಗಳ ಪಾಲಿಸಿ ಎಲ್ಲ ಸೇರಿ ಸುಮಾರು 3.2 ಕೋಟಿ ಡಾಲರ್ ಬಂತು. ಬೇಗ ಬಂತು, ಅದು ಲಾಭ. ಆದರೆ 2016ರಲ್ಲಿ ಮಲಾವಿಗೆ ಮೊದಲು ಏನೂ ಸಿಗಲಿಲ್ಲ. ರೈತರು ಬೇಗ ಬರುವ ತಳಿ ಬಿತ್ತಿದ್ದರು, ಲೆಕ್ಕದ ಮಾದರಿ ತಡವಾಗಿ ಬರುವ ತಳಿ ಅಂದುಕೊಂಡಿತ್ತು. ತಿದ್ದಿ 81 ಲಕ್ಷ ಡಾಲರ್ ಕೊಡುವ ಹೊತ್ತಿಗೆ ತಿಂಗಳುಗಳು ಕಳೆದಿದ್ದವು. ಇದು ಸರ್ಕಾರಗಳು ಮಾಡಬೇಕಾದ ಆಯ್ಕೆ, ನಿಮ್ಮದಲ್ಲ.

ಈಗ ನಿಮ್ಮ ಕೈಯಲ್ಲಿರುವ ಮೊತ್ತಕ್ಕೆ

ಒಬ್ಬರೇ ಕೊಡುವ ಸಣ್ಣ ಮೊತ್ತವಾದರೆ ಶಾಲೆಯ ಗಂಜಿ. ಇಲ್ಲವೇ ಸರ್ಕಾರಿ ಪಟ್ಟಿಯನ್ನೇ ಬಳಸಿ ಮೊಬೈಲ್ ಹಣ ಹಾಕುವ ಸಂಸ್ಥೆ. ಹೊಸ ಪಟ್ಟಿ ಮಾಡುತ್ತೇವೆ ಅನ್ನುವವರಿಗೆ ಸಣ್ಣ ಮೊತ್ತ ಕೊಡಬೇಡಿ, ಪಟ್ಟಿಯಲ್ಲೇ ಕರಗುತ್ತದೆ. ಅಂದ ಹಾಗೆ, ಬೆಂಗಳೂರಿನ ಕಂಪನಿಗಳಲ್ಲಿರುವವರು ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ, ಹಣದ ಆಸೆ ಬಿಡಿ. ಭಾರತದ ಹೊರಗಿನ ಕೆಲಸ ಅದರ ಲೆಕ್ಕಕ್ಕೆ ಬರುವುದಿಲ್ಲ.

ಅಲ್ಲೇ ಇರುವ ಗುಂಪು, ಐವತ್ತು ಅರವತ್ತು ಮನೆಗೆ ಆಗುವಷ್ಟು ಹಣ, ಪರಿಚಯದ ಒಂದು ಹಳ್ಳಿ. ಹೀಗಿದ್ದರೆ ಜೂನ್, ಜುಲೈನಲ್ಲಿ ಆ ಕಡೆಯ ರೈತರಿಂದಲೇ ಕಾಳು ಕೊಂಡಿಡಿ. ಅಕ್ಟೋಬರ್‌ನಲ್ಲಿ ಬೀಜದ ಕೂಪನ್ ಮತ್ತು ಸ್ವಲ್ಪ ಹಣ, ಜನವರಿಯಲ್ಲಿ ಕಾಳು. ಗೋಗೊಗಳ ಮನೆ, ಕೂಸಿರುವ ಮನೆ ಮೊದಲು. ಎತ್ತು ಕಳೆದುಕೊಂಡು ದುಡಿಯುವ ಕೈ ಇರುವ ಮನೆಗೆ ಕಾಳಿಗಿಂತ ಉಳುಮೆಯ ಬಾಡಿಗೆ ಹಣ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅದೂ ನವೆಂಬರ್ ಮೊದಲ ಮಳೆಗೆ ಮುಂಚೆ.

ದೊಡ್ಡ ಕಾರ್ಯಕ್ರಮ ನಡೆಸುವವರಿಗೆ ಈಗ ಕಷ್ಟದ ಪ್ರಶ್ನೆ ಬೇರೆಯದೇ ಇದೆ. 2025ರಲ್ಲಿ ಅಮೆರಿಕದ ನೆರವು ಕುಸಿಯಿತು. ವಿಶ್ವ ಆಹಾರ ಕಾರ್ಯಕ್ರಮ ಜೊಹಾನ್ಸ್‌ಬರ್ಗ್‌ನ ತನ್ನ ಪ್ರಾದೇಶಿಕ ಕಚೇರಿಯನ್ನೇ ಮುಚ್ಚುವುದಾಗಿ ಹೇಳಿತು. ಇರುವ ಹಣದಲ್ಲಿ ಕಡಿಮೆ ಮನೆಗೆ ಪೂರ್ತಿ ಪಡಿತರವೋ, ಹೆಚ್ಚು ಮನೆಗೆ ಅರ್ಧವೋ? ಕಾಗದದ ಮೇಲೆ ಮೊದಲನೆಯದೇ ಸರಿ ಕಾಣುತ್ತದೆ. ಆದರೆ ಮಲಾವಿಯ ಹಳ್ಳಿಗಳಲ್ಲಿ ಪಟ್ಟಿಯಲ್ಲಿ ಇರುವವರು ಇಲ್ಲದವರ ಜೊತೆ ಚೀಲ ಹಂಚಿಕೊಳ್ಳುವುದು ಮಾಮೂಲು. ಊರಿನ ಮುಖಂಡನೇ ನಿಂತು ಹಂಚಿಸುವುದೂ ಇದೆ. ಬರದಲ್ಲಿ ಬಡವರಿಗೂ ತೀರಾ ಬಡವರಿಗೂ ನಡುವೆ ಗೆರೆ ಎಳೆಯುವುದು ಅವರಿಗೆ ಅನ್ಯಾಯವಾಗಿ ಕಾಣುತ್ತದೆ. ಹಾಗಾಗಿ ಮನೆಗೆ ಪೂರ್ತಿ ಅಂತ ಬರೆದುಕೊಂಡಿದ್ದು ಹೇಗೂ ಅರ್ಧವಾಗುತ್ತದೆ. ನನ್ನ ಮಾತು ಕೇಳುವುದಾದರೆ, ಜಿಲ್ಲೆಗಳ ಸಂಖ್ಯೆ ಕಡಿಮೆ ಮಾಡಿ. ಹಿಡಿದ ಊರಿನಲ್ಲಿ ಮನೆಗಳನ್ನು ತೀರಾ ಬಿಗಿಯಾಗಿ ಆರಿಸಬೇಡಿ. ಕೂಸು, ಬಸುರಿ, ಎಚ್‌ಐವಿ ಮಾತ್ರೆ ನುಂಗುವವರಿಗೆ ಮಾತ್ರ ಬೇರೆ ಪೊಟ್ಟಣ, ಅವರ ಹೆಸರಿನಲ್ಲೇ, ಆರೋಗ್ಯ ಕೇಂದ್ರದಿಂದಲೇ ಕೊಡಿಸಿ. ಅದನ್ನು ಊರು ಹಂಚಿಕೊಳ್ಳಲು ಕೇಳುವುದು ಕಡಿಮೆ.

ಯಾವ ಸಂಸ್ಥೆಗಾದರೂ ಹಣ ಕೊಡುವ ಮೊದಲು ಮೂರು ವಿಷಯ ಕೇಳಿ. ಯಾವ ತಿಂಗಳು ಮನೆ ತಲುಪುತ್ತದೆ? ದರ ಏರಿದರೆ ಏನು ಮಾಡುತ್ತೀರಿ? ದುಡಿಯಲಾಗದ ಮನೆಗೆ ಏನು ಕೊಡುತ್ತೀರಿ? ಮೊದಲನೆಯದಕ್ಕೆ "ಹಣ ಬಂದ ಮೇಲೆ ಶುರು ಮಾಡುತ್ತೇವೆ" ಅನ್ನುವ ಉತ್ತರ ಬಂದರೆ, ಅವರ ಗೋದಾಮು ಎಲ್ಲಿದೆ ಅಥವಾ ಏಜೆಂಟರ ಜೊತೆ ಒಪ್ಪಂದ ಆಗಿದೆಯೇ ಅಂತ ಕೇಳಿ. ಎರಡೂ ಇಲ್ಲದಿದ್ದರೆ ನಿಮ್ಮ ಹಣ ಜನವರಿಗೆ ಮುಟ್ಟುವುದಿಲ್ಲ. ಅಂಥವರಿಗೆ ಮುಂದಿನ ವರ್ಷದ ಬೀಜಕ್ಕೆ ಅಂತ ಹೇಳಿ ಕೊಡಿ, ಇಲ್ಲವೇ ಬೇರೆಯವರನ್ನು ಹುಡುಕಿ.